ದೊಡ್ಡಪೇಟೆ ಇಲ್ಲದ ಚಿಕ್ಕಪೇಟೆ

ಸ್ಥಳನಾಮಗಳನ್ನು ಬಿಡಿಬಿಡಿಯಾಗಿ ಎತ್ತಿಕೊಂಡು ಅವುಗಳ ನಿಷ್ಪತ್ತಿಯನ್ನು ಹೇಳುವುದು ಕನ್ನಡ ಸಂಶೋಧನೆಯಲ್ಲಿ ರೂಢವಾದ ಕ್ರಮ. ಆದರೆ ಒಂದು ಹೆಸರಿನ ಅರ್ಥ ಅನೇಕ ವೇಳೆ ನೆರೆಯ ಹೆಸರನ್ನು ಅವಲಂಬಿಸಿರುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆ ಇದಕ್ಕೆ ಉತ್ತಮ ನಿದರ್ಶನ.

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಸಾಗುವ ಈ ಬೀದಿಯ ಹಿಂದಿನ ಹೆಸರು ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡನು ನಗರವನ್ನು ಕಟ್ಟಿಸುವಾಗ ದೊಡ್ಡಪೇಟೆಯ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿದನೆಂಬುದು ಐತಿಹ್ಯ. ಅದನ್ನು ಬದಿಗಿಟ್ಟರೂ ಊರಿನ ರಚನೆ ಹೆಸರುಗಳಲ್ಲಿಯೇ ಅಡಕವಾಗಿದೆ. ಉತ್ತರ-ದಕ್ಷಿಣದ ಬೀದಿ ದೊಡ್ಡಪೇಟೆ. ಅದನ್ನು ಅಡ್ಡಹಾಯುವ ಪೂರ್ವ-ಪಶ್ಚಿಮದ ಬೀದಿ ಚಿಕ್ಕಪೇಟೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆಗಳು ಸರಕನ್ನೂ ಗಾಣಿಗರಪೇಟೆ, ಕುಂಬಾರಪೇಟೆಗಳು ಕಸುಬನ್ನೂ ಹೇಳಿದರೆ, ಈ ಜೋಡಿ ಹೆಸರುಗಳು ಬೀದಿಗಳ ಪರಸ್ಪರ ಸಂಬಂಧವನ್ನು ಹೇಳುತ್ತವೆ.

ಮುಂದೆ ಬಂದ 'ಅವೆನ್ಯೂ' ಎಂಬ ಇಂಗ್ಲಿಷ್ ಪದ ಫ್ರೆಂಚ್ ಮೂಲದ್ದು. ಮೊದಲು 'ಬಂದು ಸೇರುವ ದಾರಿ' ಎಂಬ ಅರ್ಥವಿದ್ದ ಇದು ಕ್ರಮೇಣ ಸಾಲುಮರಗಳ ವಿಶಾಲ ಬೀದಿಯನ್ನು ಸೂಚಿಸತೊಡಗಿತು. ಅಂಗಡಿಗಳಿಂದ ಕಿಕ್ಕಿರಿದ ಇಂದಿನ ಬೀದಿಗೆ ಈ ಅರ್ಥ ಹೊಂದುವುದಿಲ್ಲ. ಅದರ ಮೇಲೆ 'ಅವೆನ್ಯೂ ರಸ್ತೆ' ಎಂಬುದು ಪುನರುಕ್ತಿ. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಚಿಕ್ಕಪೇಟೆ ತನ್ನ ಜೊತೆಯನ್ನು ಕಳೆದುಕೊಂಡದ್ದು. 2017ರಲ್ಲಿ ತೆರೆದ ಮೆಟ್ರೊ ನಿಲ್ದಾಣಕ್ಕೆ ಚಿಕ್ಕಪೇಟೆಯ ಹೆಸರು ದೊರೆಯಿತು. ಆದರೆ ಅದು ಯಾವುದಕ್ಕಿಂತ ಚಿಕ್ಕದೆಂಬ ಪ್ರಶ್ನೆಗೆ ಅವೆನ್ಯೂ ರಸ್ತೆಯ ಹೆಸರಿನಲ್ಲಿ ಉತ್ತರವಿಲ್ಲ.

ಹಾಗೆಂದು ಅವೆನ್ಯೂ ರಸ್ತೆ ಎಂಬುದನ್ನು ಅಳಿಸಿಹಾಕುವುದು ಪರಿಹಾರವಲ್ಲ. ಹಳೆಯ ಪುಸ್ತಕಗಳನ್ನು ಅರಸಿ ಅಲ್ಲಿಗೆ ಹೋದ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಆ ಹೆಸರೂ ಆಪ್ತವಾದದ್ದೇ. ಬಳಕೆಯ ಬಲ ಆಜ್ಞೆಗಿಂತ ದೊಡ್ಡದು: ಮೈಸೂರು ಬ್ಯಾಂಕ್ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡರೂ ವೃತ್ತದ ಹೆಸರು ಜನರ ನಾಲಗೆಯ ಮೇಲೆ ಉಳಿದಿದೆ. ಗಣ್ಯರೊಬ್ಬರ ಹೆಸರಿಟ್ಟು ಮೂರನೆಯ ಪದರವನ್ನು ಹೊದಿಸುವುದಂತೂ ಹಿಂದಿನ ತಪ್ಪಿನ ಪುನರಾವರ್ತನೆಯೇ ಆದೀತು. ನಾಮಫಲಕಗಳಲ್ಲಿ 'ದೊಡ್ಡಪೇಟೆ'ಯೂ ಜೊತೆಗೆ ಕಾಣಿಸಿಕೊಳ್ಳಬೇಕು.

2014ರ ನವೆಂಬರ್ 1ರಂದು 'ಬ್ಯಾಂಗಲೋರ್' ಅಧಿಕೃತವಾಗಿ ಬೆಂಗಳೂರಾಯಿತು. ಊರಿನ ಹೆಸರಿಗೆ ತೋರಿದ ಈ ಕಾಳಜಿ ಅದರ ಬೀದಿಗಳಿಗೂ ಸಲ್ಲಬೇಕು. ಕನ್ನಡ ವಿಭಾಗಗಳು ಪೇಟೆಯ ಹೆಸರುಗಳನ್ನು ಒಂದು ವ್ಯವಸ್ಥೆಯಾಗಿ ದಾಖಲಿಸಲು ಮುಂದಾಗಬೇಕು. ಹಳೆಯ ಹೆಸರುಗಳನ್ನು ಬಲ್ಲ ವರ್ತಕರು ಮತ್ತು ನಿವಾಸಿಗಳು ಇರುವಾಗಲೇ ಈ ಕೆಲಸ ನಡೆಯುವುದು ಅಗತ್ಯ.