ಹಂದಿಮರಿಗೆ ಹಿಂಡಿಯೊಂದೇ ಸಾಕೆ, ಲೈಸಿನ್ ಪುಡಿ ಬೇಕೆ?

ಯಲ್ಲಾಪುರ ತಾಲೂಕಿನ ಚಂದಗುಳಿ ಕಡೆ ಪ್ರೋಟೀನಿನ ಮಾತು ಬಂದರೆ ಅದು ದನದ ಹಿಂಡಿಯ ಮಾತು. ಪ್ರೋಟೀನ್ ಆಗಿರುವುದು ಅಮೈನೋ ಆಮ್ಲಗಳಿಂದ; ಹಸುವಿಗೆ ಬೇಕಾದ ಅವುಗಳ ಬಹುಪಾಲನ್ನು ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ಕಟ್ಟಿಕೊಡುತ್ತವೆ. ಹಂದಿಮರಿಗೆ ಆ ಅನುಕೂಲವಿಲ್ಲ. ಆಹಾರದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆಯಾದರೆ ಉಳಿದ ಅಮೈನೋ ಆಮ್ಲಗಳು ಎಷ್ಟಿದ್ದರೂ ಮೈ ಕಟ್ಟಲು ಒದಗದೆ, ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತವೆ. ಹಂದಿ ಸಾಕಲು ಹೊರಟವರು ಕೊಟ್ಟಿಗೆಯ ಲೆಕ್ಕವನ್ನೇ ಅಲ್ಲಿಗೂ ಒಯ್ಯಬಾರದು.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2012ರ ಕೋಷ್ಟಕದಂತೆ, 11ರಿಂದ 25 ಕಿಲೋ ತೂಗುವ ಮರಿಯ ಆಹಾರದಲ್ಲಿ ಜೀರ್ಣವಾಗಬಲ್ಲ ಲೈಸಿನ್ ಶೇ 1.23 ಇರಬೇಕು. ಮೆಕ್ಕೆಜೋಳದಲ್ಲಿರುವುದು ಸುಮಾರು ಶೇ 0.2, ಒಳ್ಳೆಯ ಸೋಯಾ ಹಿಂಡಿಯಲ್ಲಿ ಸುಮಾರು ಶೇ 2.6. ಇವೆರಡನ್ನೇ ಬೆರೆಸಿ ಗುರಿ ಮುಟ್ಟಲು 100 ಕಿಲೋಗೆ 42 ಕಿಲೋದಷ್ಟು ಹಿಂಡಿ ಬೇಕು. ಒಟ್ಟು ಪ್ರೋಟೀನ್ ಶೇ 25ಕ್ಕೆ ಏರುತ್ತದೆ. 400 ಗ್ರಾಂ ಲೈಸಿನ್ ಪುಡಿ ಹಾಕಿದರೆ 30 ಕಿಲೋ ಹಿಂಡಿ ಸಾಕು. ಪ್ರೋಟೀನ್ ಶೇ 20ಕ್ಕೆ ಇಳಿಯುತ್ತದೆ.

ಪುಡಿಯ ಪರ ಹೇಳುವವರ ವಾದಕ್ಕೆ ಬಲವಿದೆ. ಆಗಷ್ಟೇ ತಾಯಿಹಾಲು ಬಿಟ್ಟ ಮರಿಯ ಕರುಳಿಗೆ ಅಷ್ಟೊಂದು ಪ್ರೋಟೀನ್ ಅರಗುವುದಿಲ್ಲ. ಅರಗದೆ ಉಳಿದದ್ದು ದೊಡ್ಡ ಕರುಳಿನಲ್ಲಿ ಕೊಳೆತು, ಕೆಟ್ಟ ಬ್ಯಾಕ್ಟೀರಿಯಾಗಳು ಹೆಚ್ಚಿ, ಭೇದಿಗೆ ದಾರಿಯಾಗುತ್ತದೆ. ಪ್ರೋಟೀನ್ ತಗ್ಗಿದರೆ ಗೊಬ್ಬರದ ಗುಂಡಿಯ ಅಮೋನಿಯಾ ನಾತವೂ ತಗ್ಗುತ್ತದೆ.

ಹಿಂಡಿಯನ್ನೇ ನೆಚ್ಚಿದವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಹಿಂಡಿ ತಗ್ಗಿಸಿದಾಗ ಕಡಿಮೆಯಾಗುವುದು ಲೈಸಿನ್ ಮಾತ್ರವಲ್ಲ. ಮೇಲಿನ 30 ಕಿಲೋ ಹಿಂಡಿಯ ಮಿಶ್ರಣದಲ್ಲಿ ಥ್ರಿಯೋನಿನ್, ಮೆಥಿಯೋನಿನ್ ಎಂಬ ಬೇರೆ ಅಮೈನೋ ಆಮ್ಲಗಳೂ ಸಾಲದೆ ಬರುತ್ತವೆ. ಅವನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ, ಸಮನಾಗಿ ಬೆರೆಸಬೇಕು. ಸಲಿಕೆಯಲ್ಲಿ ಕಲಸುವ ಸಣ್ಣ ಸಾಕಣೆದಾರರಿಗೆ ಇದು ಸುಲಭವಲ್ಲ. ಒಂದು ಮರಿಯ ಪಾಲಿಗೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ ಎಂದಾಗಿಬಿಡಬಹುದು. ಹಿಂಡಿ ಧಾರಾಳವಾಗಿದ್ದರೆ ಇಂಥ ಏರುಪೇರನ್ನು ಅದೇ ತಾಳಿಕೊಳ್ಳುತ್ತದೆ. ಹಾಗೆಂದು ಹಸಿ ಸೋಯಾ ಕಾಳನ್ನೇ ಅರೆದು ಹಾಕಬಾರದು. ಅದರಲ್ಲಿರುವ ಟ್ರಿಪ್ಸಿನ್ ತಡೆಯುವ ಅಂಶ ಜೀರ್ಣಕ್ರಿಯೆಯನ್ನೇ ಕೆಡಿಸುತ್ತದೆ.

ಎರಡನ್ನೂ ತೂಗಿ ನೋಡಿದರೆ, ನಿರ್ಧಾರ ಮರಿಯ ವಯಸ್ಸು ಮತ್ತು ಮನೆಯ ತಕ್ಕಡಿಯ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಹಾಲು ಬಿಡಿಸಿದ ಮೊದಲ ವಾರಗಳಲ್ಲಿ ಪುಡಿ ಸೇರಿದ ತಯಾರಿ ಆಹಾರಕ್ಕೆ ಹಣ ಹಾಕುವುದು ಸಾರ್ಥಕ. ಒಂದು ಮರಿ ಭೇದಿಯಿಂದ ಸತ್ತರೂ ಆಗುವ ನಷ್ಟ ಸಣ್ಣದಲ್ಲ. ಕರುಳು ಬಲಿತ ಮೇಲೆ, ಸರಿಯಾಗಿ ತೂಗಿ ಬೆರೆಸುವ ಅನುಕೂಲ ಇಲ್ಲದವರು ಹಿಂಡಿಯನ್ನೇ ನಂಬಲಿ. ಯಾವ ದಾರಿ ಹಿಡಿದರೂ ಚೀಲದ ಮೇಲಿನ ಪ್ರೋಟೀನಿನ ಶೇಕಡಾವಾರು ನೋಡಿ ಸಮಾಧಾನಪಡಬಾರದು. ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಲೈಸಿನ್ ಎಷ್ಟಿದೆ ಎಂದು.