ಕಟ್ಟುವವನಿಗೂ ಕಟ್ಟು

ಜನರು ಕಾನೂನನ್ನು ಏಕೆ ಪಾಲಿಸುತ್ತಾರೆಂದು ಕೇಳಿದರೆ, ಪೋಲೀಸರ ಭಯದಿಂದ ಎಂಬ ಉತ್ತರವೇ ಬಹುಮಂದಿಯಿಂದ ಬರುತ್ತದೆ. ಭಯವೂ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು. ಆದರೆ ದಾರಿಗಳ್ಳನೂ ಭಯವನ್ನು ಹುಟ್ಟಿಸಬಲ್ಲನು. ಅವನ ಮಾತನ್ನು ಯಾರೂ ಕಾನೂನೆಂದು ಕರೆಯುವುದಿಲ್ಲ. ಹಾಗಾದರೆ ಕಾನೂನಿಗೆ ನಮ್ಮನ್ನು ಕಟ್ಟುವ ಹಕ್ಕು ಎಲ್ಲಿಂದ ಬಂದಿತು? ಕಟ್ಟುವವನು ತಾನೂ ಒಂದು ಕಟ್ಟಿಗೆ ಒಳಪಟ್ಟಿರುವುದರಿಂದ ಬಂದಿತೆಂಬುದು ನನ್ನ ಅಭಿಪ್ರಾಯ. ಕನ್ನಡಿಗರೆಲ್ಲರೂ ಬಲ್ಲ ಕಾವೇರಿಯ ವ್ಯಾಜ್ಯದಲ್ಲಿ ಒಪ್ಪಂದ, ತೀರ್ಪು, ಶಾಸನ ಈ ಮೂರೂ ಇರುವುದರಿಂದ, ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಒಪ್ಪಂದ. ಛಾಪಾ ಕಾಗದದ ಮೇಲೆ ಸಹಿ ಬಿದ್ದೊಡನೆ ಒಪ್ಪಂದಕ್ಕೆ ಬಲ ಬಂದಿತೆಂಬ ನಂಬಿಕೆ ರೂಢವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯು ಕೇಳುವುದು ಬೇರೆ. ಉಭಯ ಪಕ್ಷಗಳ ಸ್ವತಂತ್ರ ಸಮ್ಮತಿಯಿರಬೇಕು. ಕರಾರು ಮಾಡುವವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು. ಸರಕಾರಗಳ ನಡುವಿನ ಒಪ್ಪಂದವನ್ನು ಈ ಕಾಯಿದೆಯಿಂದಲೇ ಅಳೆಯುವಂತಿಲ್ಲವಾದರೂ, ಸಮ್ಮತಿಯು ಸ್ವತಂತ್ರವಾಗಿತ್ತೇ ಎಂಬ ಪ್ರಶ್ನೆ ಅಲ್ಲಿಯೂ ಏಳುತ್ತದೆ. ಕಾವೇರಿಯ ನೀರಿನ ವಿಷಯವಾಗಿ ಮೈಸೂರು ಸಂಸ್ಥಾನವು 1892ರಲ್ಲಿಯೂ 1924ರಲ್ಲಿಯೂ ಮದರಾಸು ಸರಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಆಂಗ್ಲರ ಸಾರ್ವಭೌಮತ್ವಕ್ಕೆ ಒಳಪಟ್ಟಿದ್ದ ಸಂಸ್ಥಾನವು ಆಂಗ್ಲರದೇ ಆಗಿದ್ದ ಪ್ರಾಂತದೊಡನೆ ಮಾಡಿಕೊಂಡುದು ಸಮಾನರ ಒಪ್ಪಂದವಲ್ಲವೆಂದು ಕರ್ನಾಟಕವು ವಾದಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ಮನ್ನಿಸಲಿಲ್ಲ. ಆದರೆ 1924ರ ಒಪ್ಪಂದವು 50 ವರ್ಷಗಳ ಅವಧಿ ತುಂಬಿ 1974ರಲ್ಲಿ ಮುಗಿಯಿತೆಂದು ಹೇಳಿತು. ಬಲಿಷ್ಠನಾದ ಪಕ್ಷಗಾರನೂ ತಾನು ಒಪ್ಪಿ ಬರೆದುಕೊಟ್ಟ ಅವಧಿಯನ್ನು ಮೀರಿ ಹಕ್ಕು ಸಾಧಿಸಲಾರನು.

ಇನ್ನು ತೀರ್ಪು ಮತ್ತು ಶಾಸನ. 1956ರ ಅಂತರರಾಜ್ಯ ಜಲವಿವಾದ ಕಾಯಿದೆಯ ಮೇರೆಗೆ 1990ರಲ್ಲಿ ರಚಿತವಾದ ನ್ಯಾಯಮಂಡಳಿಯು, ವರ್ಷಕ್ಕೆ 205 ಟಿ.ಎಂ.ಸಿ. ನೀರು ಮೆಟ್ಟೂರು ಜಲಾಶಯವನ್ನು ತಲುಪುವಂತೆ ಕರ್ನಾಟಕವು ಬಿಡಬೇಕೆಂದು 1991ರ ಜೂನ್ ತಿಂಗಳಲ್ಲಿ ಮಧ್ಯಂತರ ಆಜ್ಞೆ ಮಾಡಿತು. ಮುಂದಿನ ತಿಂಗಳೇ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ ಆ ಆಜ್ಞೆಯನ್ನು ನಿಷ್ಫಲಗೊಳಿಸಲು ಯತ್ನಿಸಿತು. ನಮ್ಮ ರೈತನ ಗದ್ದೆ ಒಣಗುವಾಗ ನಮ್ಮ ಸರಕಾರ ಕೈಕಟ್ಟಿ ಕುಳಿತಿರಬೇಕೇ ಎಂಬ ಪ್ರಶ್ನೆ ಸಹಜವಾದುದೇ. ರಾಷ್ಟ್ರಪತಿಗಳು ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. ಸುಗ್ರೀವಾಜ್ಞೆಯು ರಾಜ್ಯದ ಅಧಿಕಾರವನ್ನು ಮೀರಿದುದೆಂದೂ, ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಸಲ್ಲದೆಂದೂ ಅದೇ ನವೆಂಬರಿನಲ್ಲಿ ನ್ಯಾಯಾಲಯವು ಅಭಿಪ್ರಾಯ ನೀಡಿತು. ರಾಜ್ಯಪಾಲರ ಅಂಕಿತ ಆ ಸುಗ್ರೀವಾಜ್ಞೆಗೆ ಇದ್ದಿತು, ಇಲ್ಲದಿದ್ದುದು ಅಧಿಕಾರ.

ಗೆದ್ದ ಪಕ್ಷಕ್ಕೂ ಕೇಂದ್ರ ಸರಕಾರಕ್ಕೂ ಕಟ್ಟು ತಪ್ಪಲಿಲ್ಲ. ಮಧ್ಯಂತರ ಆಜ್ಞೆಯು ಜಾರಿಗೆ ಬರಬೇಕಾದರೆ ಅದು ಗೆಜೆಟ್ಟಿನಲ್ಲಿ ಪ್ರಕಟವಾಗಬೇಕೆಂದೂ ನ್ಯಾಯಾಲಯವು ಹೇಳಿತು. ಇದು ಕೇವಲ ಕಾಗದದ ಶಾಸ್ತ್ರವಲ್ಲ. ಪ್ರಜೆಗೆ ತಿಳಿಯಗೊಡದ ಆಜ್ಞೆಯನ್ನು ಪ್ರಜೆಯು ಮೀರಿದನೆನ್ನುವುದು ಅನ್ಯಾಯ. ಜಯಪುರ ಸಂಸ್ಥಾನದಲ್ಲಿ 1923ರಲ್ಲಿ ಮಾಡಿದ ಅಫೀಮು ಕಾಯಿದೆಯನ್ನು ಪ್ರಕಟಿಸಿರಲಿಲ್ಲವೆಂಬ ಕಾರಣಕ್ಕಾಗಿಯೇ 1951ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ಬಲವಿಲ್ಲವೆಂದಿತು. ಕಾವೇರಿ ನ್ಯಾಯಮಂಡಳಿಯ 2007ರ ಅಂತಿಮ ತೀರ್ಪನ್ನು ಕೇಂದ್ರ ಸರಕಾರವು ಗೆಜೆಟ್ಟಿಗೆ ಸೇರಿಸಿದುದು 2013ರಲ್ಲಿ, ಅದೂ ಸರ್ವೋಚ್ಚ ನ್ಯಾಯಾಲಯವು ಗಡುವು ವಿಧಿಸಿದ ಬಳಿಕ.

ಕಾವೇರಿಯಿಂದ ದೂರ ಮುಂಬಯಿಯಲ್ಲಿರುವ ನಮಗೆ ಇದರಿಂದ ಏನೆಂದು ಕೇಳಬಹುದು. ಮಧ್ಯಂತರ ಆಜ್ಞೆಯು ಪ್ರಕಟವಾದ 1991ರ ಡಿಸೆಂಬರಿನಲ್ಲಿ ಬೆಂಗಳೂರು ಮೊದಲಾದೆಡೆ ತಮಿಳರ ಮೇಲೆ ಹಲ್ಲೆಗಳು ನಡೆದುವು. ಅವರು ಆಜ್ಞೆ ಮಾಡಿದವರಲ್ಲ, ನೀರನ್ನು ಕೇಳಿದವರೂ ಅಲ್ಲ. ದುಡಿದು ಉಣ್ಣಲು ಬಂದಿದ್ದವರು. ನಾವೂ ಅಂಥವರೇ. ದೇಶದ ಯಾವ ಭಾಗದಲ್ಲಿಯಾದರೂ ನೆಲಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೂ, ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ವಿಧಿಯೂ ಕೊಟ್ಟಿವೆ. ಮರಾಠಿ ನೆಲದಲ್ಲಿ ಕನ್ನಡ ಶಾಲೆಯ ಗಂಟೆ ಬಾರಿಸುತ್ತಿರುವುದು ನೆರೆಯವರ ಸೌಜನ್ಯದಿಂದ ಹೌದು. ಆದರೆ ಆ ಸೌಜನ್ಯವು ಬತ್ತಿದ ದಿನವೂ ನಮಗೆ ಆಸರೆಯಾಗಿ ಉಳಿಯುವುವು ಆ ವಿಧಿಗಳು. ನಮ್ಮವರು ಬಹುಸಂಖ್ಯಾತರಾಗಿರುವಲ್ಲಿ ಕಾನೂನನ್ನು ಬದಿಗೊತ್ತಿ, ಅಲ್ಪಸಂಖ್ಯಾತರಾಗಿರುವಲ್ಲಿ ಅದರ ನೆರಳನ್ನು ಬಯಸುವುದು ಹೇಗೆ ಸಾಧ್ಯ?

ಅನ್ಯಾಯವೆಂದು ಕಂಡ ಆಜ್ಞೆಯನ್ನು ಮರುಮಾತಿಲ್ಲದೆ ಸಹಿಸಬೇಕೆಂಬುದು ಇದರ ಅರ್ಥವಲ್ಲ. ಮೇಲ್ಮನವಿಯುಂಟು, ಪುನರ್ವಿಮರ್ಶೆಯುಂಟು, ಶಾಂತಿಯುತವಾದ ಸಾರ್ವಜನಿಕ ಚಳವಳಿಯುಂಟು. ಕರ್ನಾಟಕವು ಆ ದಾರಿಯಲ್ಲಿ ನಡೆದುದು ವ್ಯರ್ಥವಾಗಲಿಲ್ಲ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿ.ಎಂ.ಸಿ.ಗೆ ಇಳಿಸಿ, ಉಳಿದ 14.75ನ್ನು ಕರ್ನಾಟಕಕ್ಕೆ ಕೊಟ್ಟಿತು. ಸುಗ್ರೀವಾಜ್ಞೆಯೂ ಕಲ್ಲುತೂರಾಟವೂ ತಂದುಕೊಡದ ನೀರನ್ನು ನ್ಯಾಯಾಲಯದಲ್ಲಿ ಮಂಡಿಸಿದ ವಾದ ತಂದುಕೊಟ್ಟಿತು. ಮರುದಿನ ತಮಿಳುನಾಡು ಆ ತೀರ್ಪು ತನಗೆ ಸಲ್ಲದೆಂದು ಸಾರಿದ್ದರೆ ನಾವು ಯಾವ ಮಾತನ್ನು ಹೇಳುತ್ತಿದ್ದೆವೋ, ಸೋತ ದಿನ ಆ ಮಾತನ್ನು ನಾವು ನಮಗೇ ಹೇಳಿಕೊಳ್ಳಬೇಕು. ನಾಳೆ ಪ್ರಜೆಗಳಾಗಿ ಮತ ನೀಡಲಿರುವ ವಿದ್ಯಾರ್ಥಿ ಮಿತ್ರರು ಕಾನೂನಿನ ವಿಷಯದಲ್ಲಿ ಈ ಒಂದು ಪಾಠವನ್ನು ಮರೆಯದಿದ್ದರೆ ಸಾಕು.