ಮರೆವಿನ ಜೊತೆಗಿರುವ ಖಿನ್ನತೆಗೂ ಚಿಕಿತ್ಸೆ ಸಿಗಲಿ

ಅರವತ್ತಕ್ಕೆ ಅರಳುಮರಳು ಎಂಬ ಮಾತನ್ನು ನೆಚ್ಚಿಕೊಂಡು, ಮನೆಯ ಹಿರಿಯರು ಮಂಕಾಗಿ ಮೂಲೆ ಹಿಡಿದರೂ ಅದು ವಯಸ್ಸಿನ ಸಹಜ ಧರ್ಮವೆಂದು ಸುಮ್ಮನಾಗುವ ರೂಢಿ ಇಂದಿಗೂ ಇರುವುದರಿಂದ, ಗುಣಪಡಿಸಬಹುದಾದ ಖಿನ್ನತೆಯೂ ಎಷ್ಟೋ ಸಲ ಗುರುತಿಗೆ ಬಾರದೆ ಉಳಿಯುತ್ತದೆ.

ನೆನಪು, ವಿವೇಚನೆ ಮತ್ತು ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಕ್ರಮೇಣ ಕುಂದುತ್ತ ಹೋಗುವ ಕಾಯಿಲೆಯನ್ನು ಡಿಮೆನ್ಷಿಯಾ ಅಥವಾ ಮರೆಗುಳಿತನ ಎನ್ನುತ್ತಾರೆ. ಖಿನ್ನತೆಯೊಂದೇ ಇದ್ದಾಗಲೂ ಮರೆವು ಹೆಚ್ಚಿ ಮರೆಗುಳಿತನದಂತೆಯೇ ಕಾಣುವುದುಂಟು. ಮನೋವೈದ್ಯ ಕಿಲೋ 1961ರಷ್ಟು ಹಿಂದೆಯೇ ಈ ಹುಸಿ ಮರೆಗುಳಿತನದ ಬಗ್ಗೆ ಬರೆದಿದ್ದರು. ಇಂದು ಯಾವ ವಾರವೆಂದು ಕೇಳಿದರೆ ಖಿನ್ನರಾದವರು ಸಾಮಾನ್ಯವಾಗಿ "ಗೊತ್ತಿಲ್ಲ, ಬಿಡಿ" ಎಂದು ಕೈಚೆಲ್ಲುತ್ತಾರೆ, ಮರೆಗುಳಿತನವುಳ್ಳವರು "ಇವತ್ತು ಪೇಪರ್ ನೋಡಿಲ್ಲ" ಎಂದು ಜಾರಿಕೊಳ್ಳುತ್ತಾರೆ. ಖಿನ್ನತೆಯ ಮರೆವು ಕೆಲವು ವಾರಗಳಲ್ಲೇ ಎದ್ದು ಕಂಡರೆ ಮರೆಗುಳಿತನ ವರ್ಷಗಳ ಕಾಲ ಮೆಲ್ಲಗೆ ಬೆಳೆಯುತ್ತದೆ. ಆದರೂ ವೃದ್ಧಾಪ್ಯದ ಖಿನ್ನತೆಯ ಬೆನ್ನಿಗೇ ಮರೆಗುಳಿತನ ಬರುವುದೂ ಇರುವುದರಿಂದ, ಚೇತರಿಸಿಕೊಂಡವರನ್ನೂ ಆಗಾಗ ಪರೀಕ್ಷೆಗೆ ಒಳಪಡಿಸಬೇಕಾಗುತ್ತದೆ.

ಮರೆಗುಳಿತನದ ಜೊತೆಗೆ ಖಿನ್ನತೆಯೂ ಸೇರಿದಾಗ ರೋಗಿಗೆ ತನ್ನ ದುಃಖವನ್ನು ಹೇಳಿಕೊಳ್ಳಲು ಮಾತೇ ಸಾಲದು. 1988ರಲ್ಲಿ ಪ್ರಕಟವಾದ, ಮರೆಗುಳಿತನವುಳ್ಳವರ ಖಿನ್ನತೆಯನ್ನು ಅಳೆಯುವ 19 ಅಂಶಗಳ ಕಾರ್ನೆಲ್ ಮಾಪಕವು ರೋಗಿಯ ಜೊತೆಗೆ ಆರೈಕೆ ಮಾಡುವವರನ್ನೂ ವಿಚಾರಿಸುವುದು ಇದೇ ಕಾರಣಕ್ಕೆ. ಊಟ ಸೇರದಿರುವುದು, ನಸುಕಿಗೇ ಎಚ್ಚರವಾಗುವುದು, ಕಾರಣವಿಲ್ಲದ ಅಳು, ಸಿಡುಕು, ಮೊಮ್ಮಕ್ಕಳು ಬಂದರೂ ಅರಳದ ಮುಖ ಇವೆಲ್ಲವನ್ನೂ ಮನೆಯವರು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಬೇಕು.

ಹಾಗೆಂದು ಮಾತ್ರೆಯೊಂದೇ ಪರಿಹಾರವಲ್ಲ. ಮರೆಗುಳಿತನದ ಒಂದು ಬಗೆಯಾದ ಆಲ್‌ಝೈಮರ್ ರೋಗಿಗಳ ಖಿನ್ನತೆಗೆ ಸರ್ಟ್ರಲಿನ್ ಮತ್ತು ಮಿರ್ಟಾಜಪಿನ್ ಎಂಬ ಔಷಧಗಳನ್ನು ಕೊಟ್ಟು ನೋಡಿದ ಬ್ರಿಟನ್ನಿನ ಅಧ್ಯಯನವೊಂದು, ಅವು ಔಷಧವಿಲ್ಲದ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲವೆಂದು 2011ರಲ್ಲಿ ವರದಿ ಮಾಡಿತು. ಅಮಿಟ್ರಿಪ್ಟಿಲಿನ್‌ನಂತಹ ಹಳೆಯ ಔಷಧಗಳಂತೂ ಮರೆವನ್ನೇ ಹೆಚ್ಚಿಸಬಲ್ಲವು. ಆದ್ದರಿಂದ ಥೈರಾಯ್ಡ್, ಬಿ12 ಜೀವಸತ್ವ, ಕಿವಿ, ಮೈಕೈನೋವು ಹಾಗೂ ಈಗಾಗಲೇ ಸೇವಿಸುತ್ತಿರುವ ಔಷಧಗಳನ್ನು ಮೊದಲು ಪರಿಶೀಲಿಸಿ, ನಡಿಗೆ, ಇಷ್ಟದ ಕೆಲಸ ಮತ್ತು ಜನರ ಒಡನಾಟಕ್ಕೆ ದಿನಚರಿಯಲ್ಲಿ ಜಾಗ ಮಾಡಿಕೊಡಬೇಕು. ಸಾವಿನ ಮಾತು ಬಂದಾಗ ಅಥವಾ ಅನ್ನನೀರು ಬಿಟ್ಟಾಗಲಂತೂ ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕರ್ನಾಟಕದ ಕುಟುಂಬಗಳಿಗೆ ನಿಮ್ಹಾನ್ಸ್‌ನಂತಹ ಸಂಸ್ಥೆಯೂ, ಕನ್ನಡದಲ್ಲೇ ಸಲಹೆ ನೀಡುವ ಟೆಲಿ-ಮಾನಸ್‌ನ 14416 ಉಚಿತ ದೂರವಾಣಿಯೂ ಲಭ್ಯವಿವೆ. ಮರೆವಿನ ತಪಾಸಣೆಗೆ ಹೋದ ಪ್ರತಿಯೊಂದು ಕುಟುಂಬವೂ ಖಿನ್ನತೆಯನ್ನು ಪರೀಕ್ಷಿಸಿದಿರಾ ಎಂದು ವೈದ್ಯರನ್ನು ಕೇಳಲಿ, ವೈದ್ಯರೂ ಕೇಳುವ ಮೊದಲೇ ಪರೀಕ್ಷಿಸಲಿ ಎಂಬುದೇ ಈ ಮನವಿ.